ಭಂಗಿ ಸೊಪ್ಪಿನ ತಂಬುಳಿ

ಬಾಳೆಎಲೆಯ ಮೇಲೆ ಅಡ್ಡ ಹಿಡಿದ ಕೈ ಬಡಿಸುವವನಿಗೆ ಕಾಣಬಾರದು. ನನಗೆ ಅಡಿಗೆ ಕಲಿಸಿದವರು ಮೊದಲು ಹೇಳಿಕೊಟ್ಟದ್ದು ಇದನ್ನು. ಉಪ್ಪು ಹುಳಿಯ ಹದ ಆಮೇಲೆ. ನಮ್ಮ ಕಡೆಯ ಪಂಕ್ತಿಯಲ್ಲಿ ಉಣ್ಣಲು ಕೂತವನು ‘ಸಾಕು’ ಎಂದು ಕೈ ಅಡ್ಡ ಇಡುವುದು ರೂಢಿ, ಆ ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಸುರಿಯುವುದು ಬಡಿಸುವವನ ಮರ್ಯಾದೆ. ಸಾಕು ಅಂದ ಕೂಡಲೇ ಮುಂದೆ ಹೋಗುವವನನ್ನು ‘ಪಾಪ, ಇವಂಗೆ ಬಡಿಸಲೆ ಬತ್ತಿಲ್ಲೆ’ ಎಂದು ಆಡಿಕೊಳ್ಳುತ್ತಿದ್ದರು. ನನ್ನನ್ನು ಯಾರೂ ಹಾಗೆ ಆಡಿಕೊಳ್ಳಲಿಲ್ಲ. ಮೂವತ್ತೈದು ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮದುವೆ ಮುಂಜಿಗಳಲ್ಲಿ ಅಡಿಗೆ ಮಾಡಿದೆ, ಬಡಿಸಿದೆ, ಯಾರ ಕೈಗೂ ನಿಲ್ಲಲಿಲ್ಲ. ಈಗ ಎಂಬತ್ತರ ಹತ್ತಿರ ಬಂದಿದ್ದೇನೆ. ಹೇಳಬೇಕಾದ ಒಂದು ಮಾತನ್ನು ಹೇಳಬೇಕಾದವಳಿಗೆ ಹೇಳದೆ ಉಳಿಸಿಕೊಂಡೆ. ಅವಳಿಲ್ಲದ ಮೇಲೆ ಬರೆಯುವುದರಿಂದ ಏನೂ ಸರಿಯಾಗುವುದಿಲ್ಲ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅವಳು ನನ್ನ ಹೆಂಡತಿ. ಸಿದ್ದಾಪುರದ ಕಡೆಯವಳು. ನಮಗೆ ಮಕ್ಕಳಾಗಲಿಲ್ಲ. ಶಿರಸಿಯಲ್ಲಿ ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದೆವು. ನಾನು ಅಡಿಗೆಗೆ ಹೋದ ಮದುವೆಗಳಿಗೆ ಅವಳೂ ಬರುತ್ತಿದ್ದಳು, ಹಾಡು ಹೇಳಲಿಕ್ಕೆ. ಎಣ್ಣೆ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಧಾರೆಗೆ ಒಂದು, ಹೆಣ್ಣು ಒಪ್ಪಿಸಿಕೊಡುವಾಗ ಎಲ್ಲರನ್ನೂ ಅಳಿಸುವ ಒಂದು, ಅದಾದ ಮೇಲೆ ಬೀಗರನ್ನು ಗೇಲಿ ಮಾಡಿ ನಗಿಸುವ ಹತ್ತು. ನಾನು ಹಿತ್ತಲಿನ ಚಪ್ಪರದಲ್ಲಿ ಒಲೆಯ ಮುಂದೆ ಇರುತ್ತಿದ್ದೆ. ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ. ಒಳಗಿನಿಂದ ಧಾರೆಯ ಹಾಡು ಕೇಳಿದರೆ ಅನ್ನ ಬಸಿಯಬೇಕು ಅಂತ ಅರ್ಥ.

ಅವಳು ಒಂದನ್ನೂ ಬರೆದಿಟ್ಟಿರಲಿಲ್ಲ. ‘ಬರೆದ್ರೆ ತಲೆ ಸೋಮಾರಿ ಆಗ್ತು’ ಅನ್ನುತ್ತಿದ್ದಳು. ಮಂಗಳ ಕಾರ್ಯದ ಹಾಡು ನಡುವೆ ತುಂಡಾಗಬಾರದು ಎಂಬುದು ಹಾಡುವ ಹೆಂಗಸರ ನಿಯಮ. ಮರೆತು ನಿಂತರೆ ಮೊದಲಿನಿಂದ ಶುರು ಮಾಡಬೇಕು. ಅವಳು ಹಾಗೆ ನಿಂತದ್ದನ್ನು ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಕೇಳಿರಲಿಲ್ಲ.

ತಲೆಯ ಬಗ್ಗೆ ಅವಳಿಗೆ ಅಷ್ಟು ಕಾಳಜಿ ಇರಲು ಕಾರಣವಿತ್ತು. ಅವಳ ಆಯಿಗೆ, ಅಂದರೆ ನನ್ನ ಅತ್ತೆಗೆ, ಮೂವತ್ತು ದಾಟುವ ಮುಂಚೆ ಬುದ್ಧಿ ಕೆಟ್ಟಿತ್ತು. ಧಾರವಾಡದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುವಾಗ ಹನ್ನೊಂದು ವರ್ಷದ ಇವಳೂ ಜೊತೆಗಿದ್ದಳು. ಆಯಿ ಒಂದೊಂದು ಸ್ಟಾಪಿನಲ್ಲೂ ‘ಇದು ಯಾವ ಊರು ಕೂಸೆ?’ ಎಂದು ಕೇಳುತ್ತಿದ್ದರಂತೆ. ಉತ್ತರ ಕೇಳಿ ತಲೆಯಾಡಿಸಿ, ಬಸ್ಸು ಹೊರಟ ಕೂಡಲೇ ಮತ್ತೆ ಅದನ್ನೇ. ಆಯಿ ವಾಪಸು ಬರಲಿಲ್ಲ. ಮದುವೆಯಾದ ಹೊಸತರಲ್ಲಿ ಇದನ್ನು ನನಗೆ ಒಂದೇ ಸಲ ಹೇಳಿದ್ದಳು, ಅಕ್ಕಿ ಆರಿಸುತ್ತ, ನನ್ನ ಮುಖ ನೋಡದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವಳಿಗೆ ಗರ್ಭಕೋಶದಲ್ಲಿ ಗಡ್ಡೆ ಕಂಡಿತು. ಹುಬ್ಬಳ್ಳಿಯಲ್ಲಿ ಗಡ್ಡೆ ಸುಡಲು ಕರೆಂಟು ಕೊಟ್ಟರು, ಕ್ಯಾನ್ಸರ್ ಮದ್ದಿನ ಬಾಟ್ಲಿ ಏರಿಸಿದರು. ಆಮೇಲೆ ಅಲ್ಲಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಆ ಮಾತಿನ ಅರ್ಥವನ್ನು ನಾನು ಅವಳಿಗೆ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳೇ ಅಂದಳು:

‘ನೋವು ಬಂದ್ರೆ ಬರಲಿ. ತಲೆ ಒಂದು ಸರಿ ಇದ್ರೆ ಸಾಕು ಎಂಗೆ. ಮಂಪರು ಬಪ್ಪ ಗುಳಿಗೆ ಎಂತೂ ಕೊಡಡಿ ನಿಂಗ.’

‘ಆತು’ ಅಂದೆ.

ಮನೆಗೆ ಬಂದ ವಾರದಲ್ಲಿ ಪಕ್ಕದ ಮನೆಯ ಟೀಚರನ್ನು ಕರೆಸಿದಳು. ಆಕೆ ದಾಸನಕೊಪ್ಪದ ಕಡೆಯ ಒಕ್ಕಲುತನದ ಮನೆಯವರು, ಶಿರಸಿಯ ಶಾಲೆಯೊಂದರಲ್ಲಿ ಇದ್ದರು. ನಮ್ಮ ಹಾಡು ಅವರಿಗೆ ಬಾರದು, ಆದರೆ ಅಕ್ಷರ ದುಂಡಗೆ. ‘ಎಲ್ಲಾ ಬರಕೊ. ಆನು ಹೋಪದರೊಳಗೆ ಮುಗಿಸು’ ಅಂದಳು ನನ್ನವಳು. ಇನ್ನೂರು ಪುಟದ ಒಂದು ಪಟ್ಟಿ, ಅಂದರೆ ನೋಟುಪುಸ್ತಕ, ಬಂತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಟೀಚರು ಬರುವುದು, ಇವಳು ಗೋಡೆಗೆ ಒರಗಿ ಹೇಳುವುದು, ಅವರು ಬರೆಯುವುದು.

‘ಅಕ್ಕಾರ, ಈ ಬೀಗರನ್ನ ಬೈಯೋ ಹಾಡು ನಮ್ಮ ಹೆಡ್‌ಮಾಸ್ತರಿಗೂ ಹೊಂದತೈತ್ರಿ.’

‘ಹೊಂದಿದ್ರೆ ಅವರ ಮಗಳ ಮದುವೆಲಿ ಹೇಳು. ಮೂಗಿನ ಸಾಲು ಮಾತ್ರ ಬಿಡು, ಅವರ ಮೂಗು ದೊಡ್ಡ ಇದ್ದು.’

ಹೀಗೆ ನಗುತ್ತಿದ್ದರು. ನಗುವಿನ ನಡುವೆಯೇ ಇವಳು ಎದ್ದು ಬಚ್ಚಲಿಗೆ ಓಡುತ್ತಿದ್ದಳು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ, ಎಳನೀರು, ಮಜ್ಜಿಗೆ, ಎಲ್ಲಾ ವಾಂತಿ. ಸಾವಿರ ಜನಕ್ಕೆ ಬೇಯಿಸಿ ಹಾಕಿದವನ ಹೆಂಡತಿ ಅವನ ಕಣ್ಣೆದುರೇ ಉಪವಾಸ ಸೊರಗುತ್ತಿದ್ದಳು. ದುಃಖದ ಜೊತೆಗೆ ನನಗೆ ಅವಮಾನವೂ ಆಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ. ನನ್ನ ಕೈ ಅಡಿಗೆಯನ್ನು ಒಬ್ಬರು ಬೇಡ ಅನ್ನುವುದು ನನಗೆ ತಡೆದುಕೊಳ್ಳಲಾಗದ ಸಂಗತಿಯಾಗಿತ್ತು.

ಆ ದಿನಗಳಲ್ಲಿ ಯಲ್ಲಾಪುರದ ಆಚೆ, ಚಂದಗುಳಿಯ ಹತ್ತಿರದ ಒಂದು ಮನೆಯ ಮುಂಜಿಗೆ ಹೋಗಿದ್ದೆ. ಮನೆಯ ಯಜಮಾನರು ಕೊಟ್ಟಿಗೆಯ ಹಿಂದೆ ಭಂಗಿಯ ನಾಲ್ಕು ಗಿಡ ಬೆಳೆಸಿಕೊಂಡಿದ್ದರು. ದನಕ್ಕೆ ಹೊಟ್ಟೆ ಕೆಟ್ಟರೆ, ಮೇವು ಬಿಟ್ಟರೆ ಬೆಲ್ಲದ ಜೊತೆ ಉಂಡೆ ಮಾಡಿ ಕೊಡುವುದಂತೆ. ಹೆಂಡತಿಯ ವಿಷಯ ಹೇಳಿದೆ.

‘ದನ ಮೇವು ತಿಂಬಲೆ ಹಿಡಿತು ಅಂದಮೇಲೆ ಮನುಷ್ಯರು ತಿಂಬದಿಲ್ಯಾ?’ ಅಂದರು ಅವರು. ‘ಸೊಪ್ಪು ತಾನೆ. ಹೂವು ಮುಟ್ಟಡ, ಅದು ಗಾಂಜಾ. ಎಲೆ ಒಯ್ಯಿ. ನೀ ಮಾತ್ರ ತಿನ್ನಡ ಮಾರಾಯ, ಉಪ್ಪು ಹಾಕಿದ್ದು ಮರೆತು ಎರಡೆರಡು ಸಲ ಹಾಕ್ತೆ.’

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನನಗೆ ತಿಳಿಯಬೇಕಾದದ್ದೆಲ್ಲ ಆ ತಮಾಷೆಯಲ್ಲೇ ಇತ್ತು.

‘ಸೊಪ್ಪು ತಾನೆ’ ಎಂಬ ಮಾತನ್ನು ನಾನು ನಂಬಿದೆ. ನಮ್ಮವರಲ್ಲಿ ಯಾರಾದರೂ ನಂಬುತ್ತಿದ್ದರು. ಒಂದೆಲಗ, ಸಾಂಬಾರ ಸೊಪ್ಪು, ದಾಳಿಂಬೆಯ ಚಿಗುರು, ಬೇಲಿಯ ಮೇಲಿನ ಹೆಸರಿಲ್ಲದ ಕುಡಿ, ಕಂಡ ಎಲೆಗೆಲ್ಲ ತಂಬುಳಿ ಮಾಡುವವರು ನಾವು. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಹುರಿದು, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ, ಮೇಲೊಂದು ತುಪ್ಪದ ಒಗ್ಗರಣೆ. ಹಾಗೆ ಮಾಡಿದರೆ ಯಾವ ಸೊಪ್ಪಿನ ಉಷ್ಣವೂ ಇಳಿಯುತ್ತದೆ, ತಂಬುಳಿಯಾದದ್ದು ಯಾರಿಗೂ ಕೆಡುಕು ಮಾಡುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಭಂಗಿಯನ್ನೂ ಹಾಗೇ ಮಾಡಿದೆ. ಅವಳು ಬೇಡ ಅಂದದ್ದು ಮಂಪರಿನ ಗುಳಿಗೆಯನ್ನು, ಇದು ಗುಳಿಗೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಒಂದೆಲಗದ ತಂಬುಳಿ ಎಂದು ಸುಳ್ಳು ಹೇಳಿಯೇ ಬಡಿಸಿದೆ. ಸುಳ್ಳು ಹೇಳಿದೆ ಅಂದಮೇಲೆ ಒಳಗೆ ನನಗೆ ಗೊತ್ತಿತ್ತು.

ಬೆಳಿಗ್ಗೆ ಹತ್ತಕ್ಕೆ ಎರಡು ಚಮಚ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ವಾಂತಿ ನಿಂತಿತ್ತು. ‘ಅನ್ನ ಇದ್ದಾ?’ ಎಂದು ಕೇಳಿದಳು. ನನಗೆ ಕಿವಿ ನಂಬಲಾಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಎಲೆಯ ಮುಂದೆ ಕೂತು ಅನ್ನ, ತೊವ್ವೆ, ಹಪ್ಪಳ ಉಂಡಳು.

‘ಎಂತ ಹಾಕಿದ್ರಿ ಇದಕ್ಕೆ? ನಿಂಗಕ್ಕೆ ಈಗ ಅಡಿಗೆ ಮಾಡಲೆ ಬಂತು ನೋಡಿ’ ಅಂದಳು.

ಆ ಮಾತಿನಲ್ಲಿ ಹಿಗ್ಗಿ ನಾನು ಹಾಳಾದೆ.

ಹದಿನೈದು ದಿನ ಚೆನ್ನಾಗಿ ಹೋಯಿತು. ಮೈಗೆ ಸ್ವಲ್ಪ ಕಳೆ ಬಂತು. ಬಾಯಿ ಒಣಗುತ್ತದೆ, ಎದ್ದರೆ ತಲೆ ತಿರುಗುತ್ತದೆ ಅನ್ನುತ್ತಿದ್ದಳು, ನಿಶ್ಶಕ್ತಿ ಅಂದೆ. ಆಮೇಲೆ ಎರಡು ಚಮಚಕ್ಕೆ ಹಸಿವು ಬರುವುದು ಕಡಿಮೆಯಾಯಿತು. ನಾನು ಮೂರು ಮಾಡಿದೆ, ಎಲೆಯನ್ನೂ ಜಾಸ್ತಿ ಮಾಡಿದೆ.

ಒಂದು ಸಂಜೆ ಹೆಣ್ಣು ಒಪ್ಪಿಸುವ ಹಾಡು ಬರೆಸುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದೆ. ಟೀಚರು ಪೆನ್ನು ಎತ್ತಿದರು.

‘ಅಕ್ಕಾರ, ಈ ಸಾಲು ಈಗಷ್ಟ ಹೇಳೀರಲ್ರಿ.’

‘ಹೇಳಿದ್ನಾ?’

‘ಮೂರು ಸಲ ಆತ್ರಿ. ನೋಡ್ರಿ, ಮೂರೂ ಬರದೀನಿ ನಾನು ದಡ್ಡಿ.’

ಟೀಚರು ನಕ್ಕರು. ಇವಳು ನಗಲಿಲ್ಲ. ಮೊದಲಿನಿಂದ ಶುರು ಮಾಡಿದಳು. ಅದೇ ಜಾಗಕ್ಕೆ ಬಂದು ನಿಂತಳು. ಬಾಯಿ ತೆರೆದೇ ಇತ್ತು. ಮುಂದಿನ ಸಾಲು ಇರಬೇಕಾದ ಜಾಗವನ್ನೇ ನೋಡುವವಳ ಹಾಗೆ ಗೋಡೆ ನೋಡಿದಳು. ‘ನಾಳೆ ಹೇಳ್ತೆ’ ಅಂದಳು.

ಮರುದಿನ ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವ ಮುಂಚೆ, ಆ ಹಾಡನ್ನು ಪೂರ್ತಿ ಹೇಳಿದಳು. ಒಂದು ಸಾಲೂ ತಪ್ಪಲಿಲ್ಲ. ಸಂಜೆ ಟೀಚರು ಬಂದಾಗ ಮತ್ತೆ ತುಂಡಾಯಿತು. ಬೆಳಿಗ್ಗೆ ಇದ್ದದ್ದು ಸಂಜೆ ಇಲ್ಲವೆಂದರೆ, ನಡುವೆ ಹತ್ತು ಗಂಟೆಗೆ ಹೊಟ್ಟೆಗೆ ಹೋಗುವುದು ಏನು ಎಂದು ಹೈಸ್ಕೂಲು ಮುಗಿಸಿದವನಿಗೆ ಹೊಳೆಯಬೇಕಿತ್ತು. ಹೊಳೆಯಿತು. ಹೊಳೆದದ್ದನ್ನು ಅದುಮಿದೆ. ತಂಬುಳಿ ನಿಲ್ಲಿಸಿದರೆ ಅವಳು ಉಣ್ಣುವುದಿಲ್ಲ, ಉಣ್ಣದಿದ್ದರೆ ಸಾಯುತ್ತಾಳೆ ಎಂಬುದೊಂದೇ ಲೆಕ್ಕ ನನ್ನ ತಲೆಯಲ್ಲಿತ್ತು.

ಮುಂದಿನ ವಾರ ಹೆದರಿಕೆ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಎದೆ ಹೊಡೆದುಕೊಳ್ಳುತ್ತದೆ ಅನ್ನುವಳು. ಯಾರೋ ಹಿತ್ತಲ ಬಾಗಿಲಲ್ಲಿ ತನ್ನ ವಿಷಯ ಮಾತಾಡುತ್ತಿದ್ದಾರೆ ಅನ್ನುವಳು. ಗಡಿಯಾರ ನಿಂತಿದೆ, ಕೀಲಿ ಕೊಡಿ ಅನ್ನುವಳು. ಅದು ನಡೆಯುತ್ತಲೇ ಇರುತ್ತಿತ್ತು. ಒಮ್ಮೆ ನನ್ನ ಕೈ ಹಿಡಿದು ‘ಇದು ಯಾವ ಮನೆ?’ ಎಂದು ಕೇಳಿ, ಕೇಳಿದ ಮರುಕ್ಷಣ ತನ್ನ ಮಾತು ತನಗೇ ಕೇಳಿಸಿ ಬಿಳಿಚಿಕೊಂಡಳು. ಅವಳ ಆಯಿಯ ಬಸ್ಸಿನ ಪ್ರಶ್ನೆ ಅದು. ಇಬ್ಬರಿಗೂ ಅದು ತಿಳಿಯಿತು, ಇಬ್ಬರೂ ಹೇಳಲಿಲ್ಲ.

ನಾನು ಮಾಡಿದ್ದೇನು? ಹೆದರಿಕೆಗೆ ನಿದ್ದೆ ಒಳ್ಳೆಯದು, ನಿದ್ದೆಗೆ ಭಂಗಿ ಒಳ್ಳೆಯದು ಎಂದು ಸಂಜೆಗೂ ಒಂದು ಬಟ್ಟಲು ತಂಬುಳಿ ಮಾಡಿದೆ. ಯಾವುದರಿಂದ ಹೆದರುತ್ತಿದ್ದಳೋ ಅದನ್ನೇ ಹೆದರಿಕೆಯ ಮದ್ದೆಂದು ಕೊಟ್ಟೆ. ಅಂದಿನಿಂದ ಬೆಳಗಿನ ತಿಳಿಯೂ ಹೋಯಿತು. ಎದ್ದ ಕೂಡಲೇ ಹೇಳುತ್ತಿದ್ದ ಹಾಡೂ ತುಂಡಾಗತೊಡಗಿತು.

ಒಂದು ಭಾನುವಾರ ಮಧ್ಯಾಹ್ನ ಅವಳು ನೇರವಾಗಿ ಕೇಳಿದಳು.

‘ನಿಜ ಹೇಳಿ. ಎಂಗೂ ಆಯಿ ಹಾಂಗೇ ಆತಾ?’

‘ಇಲ್ಲೆ.’

‘ಮತ್ತೆ ಎಂತಾಗ್ತಾ ಇದ್ದು ಎಂಗೆ?’

‘ಎಂತ ಇಲ್ಲೆ. ನಿಶ್ಶಕ್ತಿ.’

ಅವಳು ನನ್ನ ಮುಖ ನೋಡಿದಳು. ಸುಳ್ಳು ಹೇಳುತ್ತಿದ್ದೇನೆ ಎಂಬುದು ಅವಳಿಗೆ ಕಂಡಿತು. ಆದರೆ ಯಾವುದು ಸುಳ್ಳು ಎಂಬುದನ್ನು ತಪ್ಪು ತಿಳಿದಳು. ಮರುಳು ಹಿಡಿದಿದೆ, ಗಂಡ ಕನಿಕರದಿಂದ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು. ‘ಧಾರವಾಡಕ್ಕೆ ಮಾತ್ರ ಕಳಿಸಡಿ’ ಅಂದಳು.

ಅಂದೇ ಪಟ್ಟಿಯನ್ನು ತರಿಸಿಕೊಂಡಳು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಚೆನ್ನಾಗಿದ್ದ ದಿನಗಳ ಹಾಡುಗಳೂ ಅದರಲ್ಲಿದ್ದವು, ತುಂಡಾದವೂ ಇದ್ದವು. ಯಾವುದು ಸರಿ, ಯಾವುದು ತಪ್ಪು ಎಂದು ಈಗ ಅವಳಿಗೇ ಖಾತ್ರಿ ಇರಲಿಲ್ಲ.

‘ಇದನ್ನ ಒಲೆಗೆ ಹಾಕಿ’ ಅಂದಳು. ‘ಮರುಳು ಬಾಯಿಂದ ಬಂದ ಹಾಡು ಮದುವೆ ಮನೆಗೆ ಆಗ್ತಿಲ್ಲೆ. ಯಾರದ್ದೋ ಮಗಳಿಗೆ ಕೆಟ್ಟದಪ್ಪುದು ಬೇಡ.’

ಪಟ್ಟಿ ನನ್ನ ಕೈಯಲ್ಲಿತ್ತು. ಒಂದು ಮಾತು ಸಾಕಾಗಿತ್ತು. ನಿನಗೆ ಮರುಳಲ್ಲ, ಅದು ನಾನು ಹಾಕಿದ ಭಂಗಿ, ನಾಲ್ಕು ದಿನ ಬಿಟ್ಟರೆ ಎಲ್ಲಾ ತಿಳಿಯಾಗುತ್ತದೆ ಎಂಬ ಒಂದು ಮಾತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವಳು ಇನ್ನು ನನ್ನ ಕೈಯಿಂದ ನೀರನ್ನೂ ಮುಟ್ಟುವುದಿಲ್ಲ ಅನ್ನಿಸಿತು. ಬಚ್ಚಲಿಗೆ ಹೋದೆ. ಹಂಡೆಯ ಒಲೆಯಲ್ಲಿ ಅಡಿಕೆ ಸಿಪ್ಪೆ ಉರಿಯುತ್ತಿತ್ತು. ಪಟ್ಟಿ ಇಡಿಯಾಗಿ ಹೊತ್ತಿಕೊಳ್ಳಲಿಲ್ಲ. ಹಾಳೆ ಹಾಳೆ ಬಿಡಿಸಿ ಹಾಕಬೇಕಾಯಿತು. ಟೀಚರ ದುಂಡು ಅಕ್ಷರಗಳು ಕಪ್ಪಾದ ಹಾಳೆಯ ಮೇಲೆ ಒಂದು ಕ್ಷಣ ಹೊಳೆದು ಕಾಣುತ್ತಿದ್ದವು. ಆ ನೀರಿನಲ್ಲೇ ಸಂಜೆ ಅವಳಿಗೆ ಸ್ನಾನ ಮಾಡಿಸಿದೆ.

ಇದಾಗಿ ಮೂರು ವಾರಕ್ಕೆ ಹೋದಳು. ಆ ಮೂರು ವಾರ ಒಂದು ಸಾಲೂ ಹಾಡಲಿಲ್ಲ. ಟೀಚರು ಬಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ತನ್ನ ಬಾಯಿಂದ ಏನು ಬಂದೀತೋ ಎಂಬ ಹೆದರಿಕೆ.

ಏಳೆಂಟು ವರ್ಷ ಕಳೆದ ಮೇಲೆ ಸಿದ್ದಾಪುರದ ಹತ್ತಿರ ಒಂದು ಮನೆಯ ವರ್ಷಾಂತದ ತಿಥಿಯ ಅಡಿಗೆಗೆ ಹೋಗಿದ್ದೆ. ಕೊನೆಯ ಪಂಕ್ತಿಯಲ್ಲಿ ಒಬ್ಬರು ವಯಸ್ಸಾದವರು ಕೂತಿದ್ದರು. ಆ ಊರಿನವರೇ, ಹೊರಗೆಲ್ಲೋ ವೈದ್ಯಕೀಯ ಕಾಲೇಜಿನಲ್ಲಿ ಔಷಧಗಳ ಪಾಠ ಹೇಳಿ ನಿವೃತ್ತರಾದವರಂತೆ. ಉಳಿದವರೆಲ್ಲ ಎದ್ದರೂ ಅವರು ನಿಧಾನಕ್ಕೆ ಒಂದೆಲಗದ ತಂಬುಳಿ ಕುಡಿಯುತ್ತ ಕೂತಿದ್ದರು. ನಾನು ಸೌಟು ಹಿಡಿದು ಎದುರು ಕುಕ್ಕರಗಾಲಿನಲ್ಲಿ ಕೂತೆ.

‘ಒಂದು ಕೇಳ್ತೆ. ಭಂಗಿ ಸೊಪ್ಪಿನ ತಂಬುಳಿ ಮಾಡಿದ್ರೆ ಎಂತಾಗ್ತು?’

ಅವರು ನಕ್ಕರು. ‘ತುಪ್ಪದಲ್ಲಿ ಹುರಿದಾ?’

‘ಹೌದು.’

‘ಹಾಂಗಾರೆ ಅದು ತಂಬುಳಿ ಅಲ್ಲ, ಗಟ್ಟಿ ಮದ್ದು.’

ಆಮೇಲೆ ಅವರು ತಿಳಿಸಿ ಹೇಳಿದರು. ಆ ಎಲೆಯ ಸತ್ವ ನೀರಿನಲ್ಲಿ ಕರಗುವುದಿಲ್ಲ, ತುಪ್ಪದಲ್ಲಿ ಕರಗುತ್ತದೆ. ಹಸಿ ಎಲೆಯಲ್ಲಿ ಅದು ಮಲಗಿರುತ್ತದೆ, ಹುರಿದ ಶಾಖಕ್ಕೆ ಏಳುತ್ತದೆ. ಸೇದಿದರೆ ನಿಮಿಷಗಳಲ್ಲಿ ಏರಿ ಬೇಗ ಇಳಿಯುತ್ತದೆ. ತಿಂದರೆ ಒಂದೆರಡು ತಾಸು ಸುಮ್ಮನಿದ್ದು, ಯಕೃತ್ತಿನಲ್ಲಿ ಹಾಯ್ದು ಇನ್ನೂ ಜೋರಾಗಿ, ಅರ್ಧ ದಿನ ಕಾಡುತ್ತದೆ. ಮೈಯ ಕೊಬ್ಬಿನಲ್ಲಿ ಅಡಗಿ ಕೂತು ದಿನಗಟ್ಟಲೆ ಸೋರುತ್ತಿರುತ್ತದೆ. ನಾನು ಉಷ್ಣ ಇಳಿಸಲು ಮಾಡಿದ ಒಂದೊಂದು ಕೆಲಸವೂ ಅದನ್ನು ಏರಿಸುವ ಕೆಲಸವೇ ಆಗಿತ್ತು.

‘ಆದರೆ ತಲೆಗೆ ಎಂತ ಮಾಡ್ತು ಅದು?’ ಅಂದೆ.

ಅವರು ತಮ್ಮ ಎಲೆಯನ್ನೇ ತೋರಿಸಿದರು. ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಬಡಿಸುತ್ತದೆ, ನೀವು ಪಂಕ್ತಿಯಲ್ಲಿ ಬಡಿಸಿದ ಹಾಗೆ, ಅಂದರು. ಉಣ್ಣುವ ಕೋಶಕ್ಕೆ ಹೆಚ್ಚಾದಾಗ ಅದು ಒಂದು ವಸ್ತುವನ್ನು ಆಗಿಂದಾಗಲೇ ತಯಾರಿಸಿ ಬಡಿಸುವ ಕೋಶದ ಕಡೆಗೆ ಹಿಂದೆ ಕಳಿಸುತ್ತದೆ. ಬಡಿಸುವ ಕೋಶದ ಮೈಮೇಲೆ ಅದನ್ನು ಹಿಡಿಯುವ ರಿಸೆಪ್ಟರುಗಳಿವೆ, ಕನ್ನಡದಲ್ಲಿ ಗ್ರಾಹಕ ಅನ್ನುತ್ತಾರೆ. ಹಿಡಿದ ಕೂಡಲೇ ಬಡಿಸುವುದು ನಿಲ್ಲುತ್ತದೆ. ಹೀಗೆ ಹೇಳುತ್ತ ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

‘ಇದು. ಸಾಕು ಹೇಳಿ ಹೇಳ್ತಲ್ಲ, ಅದೇ ಕೈ. ಸ್ವಲ್ಪ ಹೊತ್ತಿಗೆ ಆ ವಸ್ತು ಕರಗಿ ಹೋಗ್ತು, ಕೈ ತೆಗೆತ್ತು, ಮತ್ತೆ ಬಡಿಸ್ತ. ಭಂಗಿಲಿ ಇಪ್ಪ ಕ್ಯಾನಬಿನಾಯ್ಡು ಆ ಕೈಯ ಹಾಂಗೇ ಹೋಗಿ ಕೂರ್ತು. ಆದರೆ ಎಲ್ಲಾ ಎಲೆ ಮೇಲೂ ಒಟ್ಟಿಗೆ, ತಾಸುಗಟ್ಲೆ.’

ವಾಂತಿ ಹುಟ್ಟಿಸುವ ಜಾಗದಲ್ಲಿ ಆ ಕೈ ಬಿದ್ದರೆ ವಾಂತಿ ನಿಲ್ಲುತ್ತದೆ. ನೋವಿನ ದಾರಿಯಲ್ಲಿ ಬಿದ್ದರೆ ನೋವು ಕಡಿಮೆ. ಹಸಿವಿನ ಜಾಗದಲ್ಲಿ ಬಿದ್ದರೆ ಊಟ ರುಚಿ. ಹೊಸತನ್ನು ನೆನಪಿಡುವ ಜಾಗದಲ್ಲಿ ಬಿದ್ದರೆ ಈಗ ಹೇಳಿದ್ದು ಈಗಲೇ ಮರೆವು, ಮಾತು ಎಲ್ಲಿಗೆ ಬಂತು ಎಂಬುದೇ ತಪ್ಪುತ್ತದೆ. ಹೆದರಿಕೆಯ ಜಾಗದಲ್ಲಿ ಕೊಂಚ ಬಿದ್ದರೆ ಧೈರ್ಯ, ಹೆಚ್ಚು ಬಿದ್ದರೆ ಅದೇ ತಿರುಗಿ ಭಯ. ಉಸಿರಾಡಿಸುವ ಜಾಗದಲ್ಲಿ ಆ ಗ್ರಾಹಕಗಳು ಬಹಳ ಕಡಿಮೆ, ಅದಕ್ಕೇ ಅಫೀಮಿನ ಹಾಗೆ ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ. ದಿನಾ ಕೊಟ್ಟರೆ ಕೋಶಗಳು ತಮ್ಮ ಗ್ರಾಹಕಗಳನ್ನು ಒಳಗೆ ಎಳೆದುಕೊಳ್ಳುತ್ತವೆ, ಆಗ ಮೊದಲಿನಷ್ಟಕ್ಕೆ ಸಾಲುವುದಿಲ್ಲ. ರಕ್ತದಲ್ಲಿ, ಗುಲ್ಮದಲ್ಲಿ ಇರುವ ಇನ್ನೊಂದು ಬಗೆಯ ಗ್ರಾಹಕದ ಬಗ್ಗೆಯೂ ಹೇಳಿದರು. ಅದು ನನ್ನ ಕಿವಿಗೆ ಹೋಗಲಿಲ್ಲ. ನಾನು ಮೂರನೆಯ ಚಮಚದಲ್ಲೇ ನಿಂತಿದ್ದೆ.

‘ಮೈಯೇ ತಯಾರಿಸುವ ಆ ವಸ್ತುವಿಗೆ ಪರದೇಶದವರು ಇಟ್ಟ ಹೆಸರು ಎಂತ ಗೊತ್ತಿದ್ದಾ? ನಮ್ಮ ಆನಂದ ಎಂಬ ಶಬ್ದ ತಗಂಡು ಆನಂದಮೈಡ್ ಹೇಳಿ ಇಟ್ಟಿದ್ದ’ ಎಂದು ಅವರು ಸಂತೋಷದಿಂದ ಹೇಳಿದರು.

ನಾನು ತಲೆಯಾಡಿಸಿದೆ. ಆಮೇಲೆ ತಡೆಯಲಾರದೆ ಕೇಳಿದೆ: ‘ಬಾಯಿಪಾಠ ಇದ್ದ ಹಾಡು ಮರೆತ್ರೆ, ಭಂಗಿ ಬಿಟ್ಟ ಮೇಲೆ ವಾಪಸ್ ಬತ್ತಾ?’

‘ಬತ್ತು. ಹಳೇದು ಎಲ್ಲಿಗೂ ಹೋಗಿರ್ತಿಲ್ಲೆ. ಹೇಳುವಾಗ ಎಲ್ಲಿದ್ದಿ ಎಂಬುದಷ್ಟೇ ತಪ್ಪುದು. ಯಾರಿಗೆ ಕೊಟ್ಟಿದ್ರಿ?’

‘ದನಕ್ಕೆ’ ಅಂದೆ.

ಅವರು ಬಾಯಿ ತುಂಬ ನಕ್ಕರು. ‘ನಿಂಗಳ ದನ ಹಾಡು ಹೇಳ್ತಿತ್ತಾ?’ ಎಂದು ನನ್ನ ಮುಖ ನೋಡಿದರು. ನಗು ಅಲ್ಲೇ ನಿಂತಿತು. ಎಲೆ ಮಡಿಸಿದರು. ನನ್ನನ್ನು ನೋಡದೆ ಮೆಲ್ಲಗೆ ಹೇಳಿದರು. ಕ್ಯಾನ್ಸರ್ ಮದ್ದಿನ ವಾಂತಿಗೆ ಆ ಸತ್ವದ್ದೇ ಗುಳಿಗೆ ಪರದೇಶದಲ್ಲಿ ಇದೆ, ಹಾಗಾಗಿ ಕೊಟ್ಟವನ ಯೋಚನೆ ಪೂರ್ತಿ ತಪ್ಪಲ್ಲ. ಆದರೆ ಅಲ್ಲಿ ಕೊಡುವ ಮುಂಚೆ ರೋಗಿಗೆ ಹೇಳುತ್ತಾರೆ: ಮರೆವು ಬರಬಹುದು, ಹೆದರಿಕೆ ಆಗಬಹುದು, ಅದು ಮದ್ದಿನದು, ನಿಮ್ಮದಲ್ಲ, ಇಳಿಯುತ್ತದೆ ಎಂದು.

‘ಹೇಳಿದ್ರೆ ಅರ್ಧ ಹೆದರಿಕೆ ಅಲ್ಲೇ ಹೋಗ್ತು. ಹೇಳದ್ದೇ ಇದ್ರೆ, ಪಾಪ, ತನಗೆ ಹುಚ್ಚು ಹಿಡತ್ತು ಹೇಳಿ ತಿಳ್ಕತ್ತ.’

ಅವರು ಕೈ ತೊಳೆಯಲು ಎದ್ದು ಹೋದರು.

ಟೀಚರಿಗೆ ಆ ಹೊತ್ತಿಗೆ ದಾಸನಕೊಪ್ಪದ ಹತ್ತಿರ ವರ್ಗವಾಗಿತ್ತು. ಮರುವಾರ ಬಸ್ಸು ಹತ್ತಿ ಹೋದೆ. ‘ಬರ್ರಿ ಭಟ್ರ, ಎಷ್ಟ್ ದಿನಾ ಆತ್ರಿ’ ಎಂದು ಕಟ್ಟೆಯ ಮೇಲೆ ಕೂರಿಸಿ ನೀರು ಬೆಲ್ಲ ಕೊಟ್ಟರು. ಎಲ್ಲಾ ಹೇಳಿದೆ. ಸೊಪ್ಪು, ಸುಳ್ಳು, ಪಟ್ಟಿ ಸುಟ್ಟದ್ದು. ಪಟ್ಟಿಯನ್ನು ಅಕ್ಕ ಯಾರಿಗೋ ಕೊಟ್ಟಿದ್ದಾರೆ ಎಂದೇ ಆಕೆ ತಿಳಿದಿದ್ದರು. ಅವರು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು:

‘ನಾನಽ ಅವರಿಗೆ ಮೂರು ಸಲ ಹೇಳೀರಿ ಅಂತ ತೋರಿಸಿದ್ನೆಲ್ರಿ. ಗೊತ್ತಿದ್ರ ನಾ ಸುಮ್ನ ಬರಕೋತಿದ್ದೆ.’

ಅಂದರೆ ನನ್ನ ಪಾಪದ ಒಂದು ಪಾಲು ಅಷ್ಟು ವರ್ಷದಿಂದ ಅವರಿಗೇ ತಿಳಿಯದೆ ಅವರ ಮೇಲೂ ಇತ್ತು, ಅಂದು ನಾನು ಅದನ್ನು ತಿಳಿಸಿ ಬಂದೆ. ಹೇಳಿ ಹಗುರಾಗೋಣ ಎಂದು ಹೋದವನು ಇನ್ನೊಬ್ಬರಿಗೆ ಭಾರ ಹೊರಿಸಿದೆ. ಒಂದಾದರೂ ಹಾಡು ನೆನಪಿದೆಯೇ ಎಂದು ಕೇಳಿದೆ. ಬೀಗರ ಮೂಗಿನ ಎರಡು ಸಾಲು ಅಂದರು. ಅದನ್ನು ಹೇಳಲು ಹೋಗಿ ಆಗಲಿಲ್ಲ.

ಟೀಚರಿಗೂ ಹೇಳದ ಒಂದು ಸಂಗತಿ ಉಳಿದಿದೆ. ಕೊನೆಯ ದಿನ ಬೆಳಿಗ್ಗೆ ತಂಬುಳಿಯ ಬಟ್ಟಲು ಹಿಡಿದು ಅವಳ ಪಕ್ಕ ಕೂತೆ. ಅವಳಿಗೆ ಮಾತು ಹೆಚ್ಚು ಬರುತ್ತಿರಲಿಲ್ಲ. ಕೈ ಎತ್ತಿ ಬಟ್ಟಲ ಮೇಲೆ ಅಡ್ಡ ಇಟ್ಟಳು.

‘ಸಾಕು’ ಅಂದಳು.

‘ಒಂದೇ ಚಮಚ’ ಅಂದೆ ನಾನು. ಬೆರಳ ಸಂದಿಯಿಂದ ಚಮಚ ಇಳಿಸಿ ತುಂಬಿಕೊಂಡು ಬಾಯಿಗೆ ಹಿಡಿದೆ. ಅವಳು ನುಂಗಿದಳು. ಬೆರಳಿಗೆ ಹಸಿರು ಹತ್ತಿತ್ತು. ಒರೆಸಲು ಹೋದರೆ ಕೈ ತೆಗೆಯಲಿಲ್ಲ, ಬಟ್ಟಲ ಮೇಲೇ ಇತ್ತು.